ಜೇನಿಗೊಂದು ಮನೆ

ಜೇನು ಎಂದೊಡನೆ ಮಕ್ಕಳಿಗೆ ಸಿಹಿ ನೆನಪಾಗುತ್ತದೆ. ಹಿರಿಯರಿಗೆ ಕುಟುಕು ನೆನಪಾಗುತ್ತದೆ. ಆ ನೊಣ ಎಲ್ಲಿ ವಾಸಿಸುತ್ತದೆ, ಹೇಗೆ ಬಾಳುತ್ತದೆ ಎಂದು ವಿಚಾರಿಸುವವರು ಕಡಿಮೆ.

ನಮ್ಮ ಕಾಸರಗೋಡಿನ ಕಡೆ ನಾಲ್ಕು ಬಗೆಯ ಜೇನುಗಳಿವೆ. ಹೆಜ್ಜೇನು ಎತ್ತರದ ಕೊಂಬೆಗೋ ಬಂಡೆಗೋ ಒಂದೇ ದೊಡ್ಡ ಎರಿಯನ್ನು ತೂಗಹಾಕುತ್ತದೆ. ಕೋಲುಜೇನು ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುತ್ತದೆ. ತುಡುವೆ ಜೇನಿಗೆ ಕತ್ತಲೆ ಬೇಕು. ಮರದ ಪೊಟರೆ, ಹುತ್ತ, ಮುರಕಲ್ಲಿನ ಸಂದುಗಳಲ್ಲಿ ಅದು ಹಲವು ಎರಿಗಳನ್ನು ಒಂದರ ಪಕ್ಕದಲ್ಲೊಂದು ಇಳಿಬಿಡುತ್ತದೆ. ಮಲಯಾಳ ಮಾತಾಡುವ ನೆರೆಯವರು ‘ಚೆರುತೇನೀಚ’ ಎನ್ನುವ ಮುಜಂಟಿಗೆ ಗೋಡೆಯ ಸಣ್ಣ ತೂತೂ ಸಾಕು, ಅದು ಕುಟುಕುವುದಿಲ್ಲ. ನಮ್ಮ ತೋಟಗಳ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಸಾಕುವುದು ತುಡುವೆಯನ್ನು. ಪೆಟ್ಟಿಗೆಯೆಂದರೆ ಹಲಗೆಯಿಂದ ಮಾಡಿದ ಪೊಟರೆಯೇ ಸರಿ.

ಅದರೊಳಗಿನ ವ್ಯವಸ್ಥೆಯನ್ನು ನೋಡಿದರೆ ಆಶ್ಚರ್ಯವಾಗದಿರದು. ಮೊಟ್ಟೆಯಿಡುವವಳು ಒಬ್ಬಳೇ ರಾಣಿ. ಸಾವಿರಾರು ಕೆಲಸಗಾರ ನೊಣಗಳೂ ಹೆಣ್ಣುಗಳೇ. ಹುಟ್ಟಿದ ಹೊಸತರಲ್ಲಿ ಕೋಣೆಗಳನ್ನು ಶುಚಿಗೊಳಿಸುವುದು, ಆಮೇಲೆ ಮರಿಗಳಿಗೆ ಉಣಿಸುವುದು, ಮೇಣದಿಂದ ಆರು ಮೂಲೆಯ ಕೋಣೆ ಕಟ್ಟುವುದು, ಬಾಗಿಲು ಕಾಯುವುದು, ಕೊನೆಗೆ ಹೂವಿಗೆ ಹೋಗುವುದು. ಹೀಗೆ ವಯಸ್ಸಿಗೆ ತಕ್ಕ ಕೆಲಸ. ಹೂವಿರುವ ದಿಕ್ಕನ್ನೂ ದೂರವನ್ನೂ ನೊಣವು ಕುಣಿತದಿಂದ ಸಂಗಡಿಗರಿಗೆ ತಿಳಿಸುತ್ತದೆ. ಈ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಷ್ ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತಂದ ನೀರುನೀರಾದ ಮಕರಂದವನ್ನು ರೆಕ್ಕೆ ಬೀಸಿ ಆರಿಸಿ, ಮೇಣದ ಮುಚ್ಚಳ ಹಾಕಿದಾಗಲೇ ಅದು ಜೇನುತುಪ್ಪ. ಕುಟುಂಬ ದೊಡ್ಡದಾದರೆ ಪಾಲಾಗುತ್ತದೆ. ಆಗ ಹಳೆಯ ರಾಣಿಯೇ ಪರಿವಾರದೊಡನೆ ಹೊರಟು, ಮನೆಯನ್ನು ಮಗಳಿಗೆ ಬಿಟ್ಟುಕೊಡುತ್ತಾಳೆ.

ಇಂತಹ ಕುಟುಂಬಗಳು ಒಮ್ಮೆ ನಮ್ಮ ಕಣ್ಣೆದುರೇ ಅಳಿದವು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕೇರಳ, ಕರ್ನಾಟಕಗಳಲ್ಲಿ ಹರಡಿ ತುಡುವೆಯ ಬಹುಪಾಲು ಕುಟುಂಬಗಳನ್ನು ನಾಶಮಾಡಿತು. ರೋಗ ತಗಲಿದ ಮರಿ ನೀರು ತುಂಬಿದ ಚೀಲದಂತಾಗಿ ಕೋಣೆಯಲ್ಲೇ ಸಾಯುತ್ತದೆ. ನಾನಾಗ ಚಿಕ್ಕ ಹುಡುಗ. ನಮ್ಮ ಅಡಿಕೆ ತೋಟದಲ್ಲಿದ್ದ ಐದು ಪೆಟ್ಟಿಗೆಗಳೂ ಒಂದೇ ವರ್ಷದಲ್ಲಿ ಬರಿದಾದವು. ತಂದೆಯವರು ಅವನ್ನು ತೊಳೆದು, ಬಿಸಿಲಿಗೊಣಗಿಸಿ, ಅಟ್ಟಕ್ಕೇರಿಸಿದರು. ಸೌದೆಗೆ ಒಡೆಯಲು ಮಾತ್ರ ಒಪ್ಪಲಿಲ್ಲ.

ಕೆಲವು ವರ್ಷಗಳ ಬಳಿಕ ಗುಡ್ಡದ ಮಾವಿನ ಮರದ ಪೊಟರೆಯಲ್ಲಿ ತುಡುವೆ ಕಾಣಿಸಿತು. ರೋಗವನ್ನು ತಾಳಿಕೊಂಡು ಉಳಿದ ಸಂತತಿಯಿರಬೇಕು. ತಂದೆಯವರು ಎರಿಗಳನ್ನು ಮೆಲ್ಲನೆ ಕೊಯ್ದು, ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿ, ರಾಣಿಯನ್ನು ಪೆಟ್ಟಿಗೆಯೊಳಗೆ ಬಿಟ್ಟರು. ಸಂಜೆಯೊಳಗೆ ಉಳಿದ ನೊಣಗಳೆಲ್ಲ ಅವಳನ್ನು ಹಿಂಬಾಲಿಸಿದವು. ತೋಟಕ್ಕೆ ಜೇನು ಮರಳಿದ್ದು ನಾವು ಸಾಕಿದ ಪೆಟ್ಟಿಗೆಯಿಂದಲ್ಲ, ಯಾರೂ ಸಾಕದ ಪೊಟರೆಯಿಂದ.

ಈ ಮಾತನ್ನು ಹೇಳಲು ಕಾರಣವುಂಟು. ಈಗ ಪೊಟರೆಬಿದ್ದ ಮರವನ್ನು ನಿರುಪಯೋಗಿಯೆಂದು ಕಡಿಯುತ್ತೇವೆ. ಮುರಕಲ್ಲಿನ ಗೋಡೆಯ ಸಂದುಗಳನ್ನು ಸಿಮೆಂಟಿನಿಂದ ಮುಚ್ಚುತ್ತೇವೆ. ಹೆಜ್ಜೇನು ಕಂಡರೆ ರಾತ್ರಿ ಸೂಟೆ ಕಟ್ಟಿ ಸುಡುತ್ತೇವೆ. ತೆಂಗಿನ ಹೊಂಬಾಳೆಯಿಂದ ಬೇಲಿಯ ಸೋರೆಬಳ್ಳಿಯವರೆಗೆ ಪರಾಗವನ್ನು ಹೊತ್ತು ತಿರುಗುವ ಜೀವ ಇದೆಂಬುದು ನಮಗೆ ನೆನಪಾಗುವುದಿಲ್ಲ.

ವಿದ್ಯಾರ್ಥಿಗಳೇ, ಜೇನಿಗೆ ಕಲ್ಲೆಸೆಯಬೇಡಿ. ಗೂಡಿನ ಹತ್ತಿರ ಗದ್ದಲ ಮಾಡಬೇಡಿ. ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೇ: ಹೂವಿರುವ ಹೊತ್ತಿನಲ್ಲಿ ಗಿಡಗಳಿಗೆ ವಿಷ ಸಿಂಪಡಿಸದಿರಿ. ಹಿತ್ತಲಿನ ಮೂಲೆಯಲ್ಲಿ ಒಂದು ಹಳೆಯ ಮರವನ್ನು ಅದರ ಪಾಡಿಗೆ ಬಿಡಿ. ರೋಗ ಮತ್ತೆ ಬಂದರೆ ನಮ್ಮ ಪೆಟ್ಟಿಗೆಗಳನ್ನು ತುಂಬುವ ಕುಟುಂಬ ಅಲ್ಲಿಂದಲೇ ಬರಬೇಕಾದೀತು.