ಕೂಸಿಗೊಂದು ಕೌದಿ

ತಂಗಿಯ ಕೂಸಿಗೆಂದು ಹೊಲಿಯುತ್ತಿದ್ದ ಕೌದಿ ಅಂತೂ ಮುಗೀತು. ಒಳಗೆ ಅಪ್ಪನ ಹಳೇ ಧೋತರ. ಮೇಲೆ ಅವ್ವನ ಇಳಕಲ್ ಸೀರೆಯ ತುಂಡುಗಳು, ಅಜ್ಜಿಯ ಗುಳೇದಗುಡ್ಡ ಖಣದ ಕುಪ್ಪಸ ಬಿಚ್ಚಿ ತೆಗೆದ ಅರಿವೆ. ಎಳೆಗೂಸಿನ ಮೈಗೆ ಒಗೆದೊಗೆದು ಮೆತ್ತಗಾದ ಹತ್ತಿಯಷ್ಟು ಹಿತ ಹೊಸ ಬಟ್ಟೆ ಕೊಡಲಾರದು.

ನೋಡಿದವರೆಲ್ಲ ಬಣ್ಣ ಹೊಗಳುತ್ತಾರೆ. ಕೌದಿ ಬಾಳುವುದು ಹೊಲಿಗೆಯಿಂದ. ಸೂಜಿ ಎಲ್ಲ ಪದರ ದಾಟಿ ಬರಬೇಕು. ದಾರ ಜಗ್ಗಿದರೆ ಬಟ್ಟೆ ಮುದುಡುತ್ತದೆ. ಸಡಿಲ ಬಿಟ್ಟರೆ ನಾಲ್ಕು ಒಗೆತಕ್ಕೆ ಒಳಗಿನ ಧೋತರ ಸರಿದು ಒಂದು ಕಡೆ ಗಂಟಾಗುತ್ತದೆ.

ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಸೂಜಿ ಎಲ್ಲಿಗೆ ಬಂತೋ ಅಲ್ಲಿಗೊಂದು ತುಂಡು. ಮೂಲೆಗಳಿಗೆ ಬಟ್ಟೆ ಮಡಚಿ, ಒಂದರ ಮೇಲೊಂದಿಟ್ಟ ತ್ರಿಕೋನಗಳ 'ಫುಲಾ'. ಅದಿಲ್ಲದೆ ಅವರ ಲೆಕ್ಕದಲ್ಲಿ ಕೌದಿ ಮುಗಿದಂತೆಯೇ ಅಲ್ಲ. ಫುಲಾದಿಂದ ಹೊದಿಕೆ ಬೆಚ್ಚಗಾಗುವುದಿಲ್ಲ, ಗಟ್ಟಿಯೂ ಆಗುವುದಿಲ್ಲ. ಬರೀ ಚೆಂದಕ್ಕಾಗಿ ಅಷ್ಟು ಕೆಲಸ! ಈ ಕಸುಬಿನಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ. ಉಳಿದ ಖಣದಲ್ಲಿ ನಾನೂ ನಾಲ್ಕೂ ಮೂಲೆಗೆ ಫುಲಾ ಕೂರಿಸಿದೆ.

ತಂಗೀ, ಇದನ್ನ ಟ್ರಂಕಿನ್ಯಾಗ ಎತ್ತಿಡಬ್ಯಾಡ. ಕೂಸು ಉಚ್ಚಿ ಹೊಯ್ಲಿ, ಎಳದಾಡ್ಲಿ. ಒಗದು ಬಿಸಿಲಿಗೆ ಹಾಕು. ಎಲ್ಲೆರ ಹರೀತಂದ್ರ ಕಳಸು, ಮ್ಯಾಲೊಂದು ತುಂಡು ಹಚ್ಚಿ ಕೊಡ್ತೀನಿ.