ಉಲ್ಟಾಡಾಂಗಾ ಜಾಮಿನಲ್ಲೊಂದು ಹೈಬ್ರಿಡ್ ಲೆಕ್ಕ

ಮೊನ್ನೆ ಮದುವೆ ಊಟವೊಂದು ಮುಗಿದ ಮೇಲೆ ನಮ್ಮ ಬ್ಯಾಂಕಿನ ಹಳೆಯ ಗ್ರಾಹಕರೊಬ್ಬರು ನನ್ನನ್ನೂ ನನ್ನವಳನ್ನೂ ತಮ್ಮ ಲೆಕ್ಸಸ್ ಆರ್‌ಎಕ್ಸ್ 350ಎಚ್‌ನಲ್ಲಿ ಸಾಲ್ಟ್ ಲೇಕಿಗೆ ಬಿಟ್ಟರು. ಕೋಟಿಯ ಆಸುಪಾಸಿನ ಗಾಡಿ. ಉಲ್ಟಾಡಾಂಗಾದಲ್ಲಿ ಎಂದಿನ ಜಾಮು. ಎಸಿ ಓಡುತ್ತಿದೆ, ಗಾಡಿ ಆಮೆಯಂತೆ ತೆವಳುತ್ತಿದೆ, ಎಂಜಿನ್ ಸದ್ದೇ ಇಲ್ಲ! ಕೆಟ್ಟಿತೇನೋ ಅಂತ ಗಾಬರಿಯಾದೆ. "ಬ್ಯಾಟರಿಯಲ್ಲಿ ಹೋಗ್ತಿದೆ" ಅಂತ ನಕ್ಕರು ಅವರು.

ನನ್ನ ಬಿಕಾಂ ತಲೆಗೆ ಹತ್ತಿದ್ದು ಇಷ್ಟು. ಮಾಮೂಲಿ ಕಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ, ಪೆಟ್ರೋಲ್ ಸುಟ್ಟು ಗಳಿಸಿದ ವೇಗ ಬಿಸಿಯಾಗಿ ಹೋಗಿಬಿಡುತ್ತದೆ... ಪೂರಾ ರೈಟ್ ಆಫ್. ಇಲ್ಲಿ ಮೋಟಾರೇ ಜನರೇಟರ್ ಆಗಿ ಅದರಲ್ಲೊಂದು ಪಾಲು ವಸೂಲಿ ಮಾಡಿ ಬ್ಯಾಟರಿಗೆ ಜಮಾ ಮಾಡುತ್ತದೆ. ಮತ್ತೆ ಹೊರಡುವಾಗ ಆ ಮೋಟಾರೇ ತಕ್ಷಣ ಎಳೆಯುವುದರಿಂದ ಎಂಜಿನ್ನನ್ನು ಬಲಕ್ಕಿಂತ ಉಳಿತಾಯಕ್ಕೆ ಹೊಂದಿಸಬಹುದು. ಹೊಂದಿಸಲೇಬೇಕು ಅಂತೇನಿಲ್ಲ ಬಿಡಿ. 2023ರಲ್ಲಿ ಇದರ ಜೊತೆಗೇ ಭಾರತಕ್ಕೆ ಬಂದ 500ಎಚ್, ಟರ್ಬೊ ಕಟ್ಟಿಕೊಂಡು 371 ಪಿಎಸ್ ತೋರಿಸುತ್ತದೆ. 350ಎಚ್ ಸುಮಾರು 250ಕ್ಕೇ ತೃಪ್ತ. ಉಲ್ಟಾಡಾಂಗಾದಲ್ಲಿ 371 ಕುದುರೆ ಕಟ್ಟಿ ಏನು ಮಾಡೋದು ಸ್ವಾಮಿ?

ಲೆಕ್ಸಸ್ ನಮ್ಮ ಯೋಗ್ಯತೆಗಲ್ಲ. ಅದೇ ಟೊಯೋಟಾ ಮನೆತನದ ಇನ್ನೋವಾ ಹೈಕ್ರಾಸ್ ನಮ್ಮ ಬಿಡದಿಯಲ್ಲೇ ತಯಾರಾಗುತ್ತದೆ. ತಟ್ಟೆ ಇಡ್ಲಿ ಊರಿನ ಗಾಡಿ ಅಂದರೆ ಮನಸ್ಸು ಮೆತ್ತಗಾಗುತ್ತೆ, ಸುಳ್ಳು ಯಾಕೆ ಹೇಳಲಿ. 2 ಲೀಟರ್ ಎಂಜಿನ್ ಮತ್ತು ಮೋಟಾರ್ ಸೇರಿ 186 ಪಿಎಸ್. ಕಂಪನಿ ಹೇಳುವ ಮೈಲೇಜು ಲೀಟರಿಗೆ 23.24 ಕಿ.ಮೀ.

ರಾತ್ರಿ ಲೆಕ್ಕ ಹಾಕಿದೆ. ತಿಂಗಳಿಗೆ 600 ಕಿ.ಮೀ. ಓಡಾಟ. ಊರೊಳಗಿನ ಜಾಮಿನಲ್ಲಿ ಬರೀ ಪೆಟ್ರೋಲ್ ಗಾಡಿ 10, ಹೈಬ್ರಿಡ್ 16 ಕೊಡುತ್ತದೆ ಎಂದಿಟ್ಟುಕೊಂಡೆ. ತಿಂಗಳಿಗೆ ಉಳಿಯುವುದು 22.5 ಲೀಟರ್, 105 ರೂಪಾಯಿ ದರದಲ್ಲಿ ವರ್ಷಕ್ಕೆ 28 ಸಾವಿರ ಚಿಲ್ಲರೆ. ಹೈಬ್ರಿಡ್ ಅಂತ 5 ಲಕ್ಷ ಹೆಚ್ಚು ತೆತ್ತರೆ ಅಸಲು ಹುಟ್ಟಲು 17 ವರ್ಷ ದಾಟುತ್ತದೆ, ಬಡ್ಡಿ ಬೇರೆ! ಆರ್‌ಸಿ ಕೊಡುವುದೇ 15 ವರ್ಷಕ್ಕೆ. ಊರಿಗೆ ಹೆದ್ದಾರಿಯಲ್ಲಿ ಹೋದರೆ ಬ್ರೇಕ್ ಕಮ್ಮಿ, ವಸೂಲಿಯೂ ಕಮ್ಮಿ. ನನ್ನ ಸರ್ವೀಸು ಇನ್ನೆರಡು ವರ್ಷ. ಪಿಎಫ್ ದುಡ್ಡು ಮುಟ್ಟಲು ಕೈ ನಡುಗುತ್ತದೆ.

ಬೆಳಿಗ್ಗೆ ನನ್ನವಳಿಗೆ ಕಾಗದ ತೋರಿಸಿದೆ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದಳು.

"ಅವತ್ತು ಮಂಡಿ ನೋವಿಲ್ಲದೆ ಹತ್ತಿ ಕೂತೆನಲ್ಲ, ಅದು ಯಾವ ಕಾಲಮ್ಮಿನಲ್ಲಿದೆ?"

ಶನಿವಾರಕ್ಕೆ ಟೆಸ್ಟ್ ಡ್ರೈವ್ ಬರೆಸಿದ್ದೇನೆ.