ಔಷಧದ ಪೆಟ್ಟಿಗೆಯಲ್ಲಿ ಬಂದ ಹಾಡು

ಇಂಗ್ಲೆಂಡಿನಲ್ಲಿ ನೌಕರಿಯಲ್ಲಿರುವ ನನ್ನ ತಂಗಿಯ ಮಗ ಕಳೆದ ಕಾರ್ತಿಕದಲ್ಲಿ ಬಿಡದಿಯ ನಮ್ಮ ಮನೆಗೆ ಬಂದಿದ್ದಾಗ, ಬಿಳಿಯ ರಟ್ಟಿನ ಪೆಟ್ಟಿಗೆಯೊಂದನ್ನು ನನ್ನ ಕೈಯಲ್ಲಿಟ್ಟನು. ಪಕ್ಕದಲ್ಲಿ ಕುಳಿತು ರಾತ್ರಿಯ ಮಾತ್ರೆಗಳನ್ನು ಎಣಿಸುತ್ತಿದ್ದ ನಮ್ಮ ತಾಯಿಯವರು ಅದನ್ನು ನೋಡಿ, "ಯಾವ ಡಾಕ್ಟರು ಬರೆದಿದ್ದು ಮಗಾ? ಊಟಕ್ಕೆ ಮುಂಚೆಯೋ, ಆದಮೇಲೋ?" ಎಂದು ಕೇಳಿದರು. ಹುಡುಗ ನಗುತ್ತಾ, "ಅಜ್ಜಿ, ಇದನ್ನ ಕಿವಿಯಿಂದ ತಗೋಬೇಕು" ಎಂದನು.

ತಾಯಿಯವರು ಮೋಸಹೋದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅದು ಔಷಧದ ಪೆಟ್ಟಿಗೆಯಂತೆಯೇ ಇದ್ದಿತು. ಒಳಗೆ, ಮಾತ್ರೆಗಳನ್ನು ಒತ್ತಿ ಹೊರತೆಗೆಯುವ ಹಾಳೆಯ ಮಾದರಿಯಲ್ಲಿಯೇ ತಗಡಿನ ಕಾಗದ ಅಂಟಿಸಿದ ಒಂದು ಕುಳಿ. ಆ ಕುಳಿಯಲ್ಲಿ ಹಾಡಿನ ತಟ್ಟೆ. ಜೊತೆಗೆ, ಔಷಧದೊಂದಿಗೆ ಬರುವ ಸೂಚನಾಪತ್ರದಂತೆ ಸಣ್ಣ ಅಕ್ಷರದ ಒಂದು ಮಡಿಕೆ ಕಾಗದ. ೧೯೯೭ರಲ್ಲಿ ಇಂಗ್ಲೆಂಡಿನ 'ಸ್ಪಿರಿಚ್ಯುಲೈಸ್ಡ್' ಎಂಬ ವಾದ್ಯವೃಂದ ಹೊರತಂದ ತಟ್ಟೆ ಅದು. ನಾವು ಬಾಹ್ಯಾಕಾಶದಲ್ಲಿ ತೇಲುತ್ತಿದ್ದೇವೆ ಎಂಬ ಅರ್ಥದ ಉದ್ದನೆಯ ಹೆಸರು ಅದಕ್ಕೆ. ತಂಡದ ನಾಯಕ ಜೇಸನ್ ಪಿಯರ್ಸ್ ಎಂಬವರೂ ವಿನ್ಯಾಸಕಾರ ಮಾರ್ಕ್ ಫ್ಯಾರೋ ಎಂಬವರೂ ಸೇರಿ ಈ ಹೊದಿಕೆಯನ್ನು ಕಲ್ಪಿಸಿದರಂತೆ. ಹನ್ನೆರಡು ಹಾಡುಗಳನ್ನು ಹನ್ನೆರಡು ಪುಟ್ಟ ತಟ್ಟೆಗಳಲ್ಲಿ, ಒಂದೊಂದಕ್ಕೂ ಬೇರೆ ಬೇರೆ ಕುಳಿ ಮಾಡಿ, ಹನ್ನೆರಡು ಮಾತ್ರೆಗಳಂತೆ ಮಾರಿದ ವಿಶೇಷ ಆವೃತ್ತಿಯೂ ಇದ್ದಿತು. ಹುಡುಗ ತಂದದ್ದು ಹಳೆಯ ತಟ್ಟೆಗಳ ಅಂಗಡಿಯ ಸರಕು. ತಗಡಿನ ಕಾಗದವನ್ನು ಮೊದಲ ಒಡೆಯರು ಯಾರೋ ಬಹಳ ನಾಜೂಕಾಗಿ ಹರಿದಿದ್ದರು.

ಹಾಡು ರೋಗಕ್ಕೆ ಮದ್ದು ಎಂಬ ಮಾತು ನಮಗೆ ಹೊಸದಲ್ಲ. ಗುರುವನ್ನು ಭವರೋಗ ವೈದ್ಯನೆಂದು ಕರೆದ ಪರಂಪರೆ ನಮ್ಮದು. ಆದುದರಿಂದ ಪೆಟ್ಟಿಗೆಯ ಚಮತ್ಕಾರಕ್ಕೆ ನಾನು ಮರುಳಾಗಲಿಲ್ಲ. ಒಳಗಿನ ಮದ್ದು ಎಂಥದೆಂದು ನೋಡಬೇಕೆನಿಸಿತು.

ಮೊದಲಿಗೆ ಒಬ್ಬ ಹೆಣ್ಣುಮಗಳ ದನಿ, ಮಾತನಾಡಿದ ಹಾಗೆ. ಬಳಿಕ ಒಂದೇ ಸಾಲಿನ ಮೇಲೆ ಮತ್ತೊಂದು ಸಾಲು, ಅದರ ಮೇಲೆ ಇನ್ನೊಂದು, ಹೂವಾಡಿಗಿತ್ತಿ ಎಳೆಯ ಮೇಲೆ ಎಳೆ ಸುತ್ತಿ ದಂಡೆ ಕಟ್ಟುವ ಹಾಗೆ ದನಿಗಳು ಕೂಡಿಕೊಂಡವು. ಮುಂದಿನ ಹಾಡುಗಳಲ್ಲಿ ಪಿಟೀಲುಗಳು, ಕಹಳೆಗಳು, ಲಂಡನ್ ನಗರದ ಕ್ರೈಸ್ತ ಭಜನಾಮಂಡಳಿಯ ಸಮೂಹಗಾನ. ನಡುವೆ ಕಿವಿ ಮುಚ್ಚಿಕೊಳ್ಳುವಷ್ಟು ಗದ್ದಲ. ಜಾತ್ರೆಯಲ್ಲಿ ವೀರಗಾಸೆ, ಡೊಳ್ಳು, ವಾಲಗ ಎಲ್ಲವೂ ಒಂದೇ ಓಣಿಯಲ್ಲಿ ಸಿಕ್ಕಿಕೊಂಡ ಹಾಗೆ. ಕೊನೆಯ ಹಾಡೊಂದೇ ಹದಿನೇಳು ನಿಮಿಷ. ಅದರಲ್ಲಿ ಅಮೆರಿಕದ ಹಿರಿಯ ಗಾಯಕ ಡಾ. ಜಾನ್ ಪಿಯಾನೋ ನುಡಿಸಿದ್ದಾರೆ. ಹಾಡಿನ ವಸ್ತುವಾದರೋ ಮುರಿದ ಪ್ರೀತಿ, ಮಾದಕ ವಸ್ತುಗಳ ಹಂಗು. ನಮ್ಮ ಮನೆಗಳಲ್ಲಿ ಮಕ್ಕಳಿಂದ ಹಾಡಿಸುವಂಥವಲ್ಲ. ಆದರೂ ಆ ಗದ್ದಲ ತಟ್ಟನೆ ಕರಗಿ, ಅಷ್ಟೂ ವಾದ್ಯಗಳ ಹಿಂದೆ ಒಬ್ಬಂಟಿ ಕಂಠವೊಂದು ಉಳಿದುಕೊಂಡಾಗ ನಾನು ಸ್ವಲ್ಪ ಹೊತ್ತು ಮಾತನಾಡಲಾರದೆ ಹೋದೆನು.

ಮರುದಿನ ಹುಡುಗನನ್ನು ರಾಮನಗರದ ಜಾನಪದ ಲೋಕಕ್ಕೆ ಕರೆದೊಯ್ದೆನು. ಎಚ್.ಎಲ್. ನಾಗೇಗೌಡರು ಕಟ್ಟಿ, ೧೯೯೪ರಲ್ಲಿ ಜನರಿಗೆ ತೆರೆದುಕೊಂಡ ಆ ಸ್ಥಳ ನಮ್ಮೂರಿಗೆ ಎಷ್ಟು ಹತ್ತಿರವೋ ನಾವು ಅಲ್ಲಿಗೆ ಹೋಗುವುದು ಅಷ್ಟು ಅಪರೂಪ. ವಾದ್ಯಗಳ ಮುಂದೆ ನಿಂತು ಹುಡುಗ, "ಒಂದೇ ತಂತಿಯಾ ಮಾವ? ಇದರಲ್ಲಿ ಏನು ನುಡಿಸ್ತಾರೆ?" ಎಂದು ಏಕತಾರಿಯನ್ನು ತೋರಿಸಿದನು. "ನಿಮ್ಮ ತಾತ ಇದ್ದಿದ್ದರೆ ಅವರನ್ನೇ ಕೇಳಬಹುದಿತ್ತು" ಎಂದೆನು. ಹಾಗೆ ಅಂದ ಮೇಲೆ, ಮೂವತ್ತು ವರ್ಷಗಳಿಗೂ ಮಿಕ್ಕಿ ಯಾರಿಗೂ ಹೇಳದಿದ್ದ ಸಂಗತಿಯನ್ನು ಅವನಿಗೆ ಹೇಳಬೇಕಾಯಿತು.

ಪೂಜ್ಯ ತಂದೆಯವರು ಸೋಮವಾರದ ಭಜನೆಯಲ್ಲಿ ಏಕತಾರಿ ಹಿಡಿದು ವಚನಗಳನ್ನೂ ಶಿಶುನಾಳ ಶರೀಫರ ಪದಗಳನ್ನೂ ಹಾಡುತ್ತಿದ್ದವರು. ೧೯೯೦ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂದಾಗ, ಸಿ. ಅಶ್ವತ್ಥರು ಸಂಗೀತ ನೀಡಿದ ಅದರ ಧ್ವನಿಸುರುಳಿಯನ್ನು ನಾನು ಬೆಂಗಳೂರಿನಿಂದ ಕೊಂಡುತಂದೆನು. ಮಾಳಿಗೆ ಸೋರುವ ಆ ಪದವನ್ನು ಅಶ್ವತ್ಥರು ಎದೆ ಬಿರಿಯುವಂತೆ ಎತ್ತಿಕೊಂಡದ್ದನ್ನು ಕೇಳಿ ನಾನು ಹುಚ್ಚಾಗಿದ್ದೆನು. ಅಷ್ಟೂ ಹಾಡುಗಳನ್ನು ಕೇಳಿ ಕೇಳಿ ಒಂದು ಹಾಳೆಯಲ್ಲಿ ಬರೆದು, ಎಂಟು ಮಡಿಕೆ ಮಾಡಿ, ಸುರುಳಿಯ ಡಬ್ಬಿಯೊಳಗೆ ಸೇರಿಸಿ ತಂದೆಯವರ ಮುಂದಿಟ್ಟೆನು. ಅವರು ಎರಡು ನಿಮಿಷ ಕೇಳಿದರು. "ಇಷ್ಟು ಪಿಟೀಲು ಕೂತರೆ ಶರೀಫರು ಎಲ್ಲಿ ಕೂರಬೇಕು?" ಎಂದು ಎದ್ದುಹೋದರು. ನಾನೂ ಹುಡುಗುಬುದ್ಧಿಯಿಂದ, "ನಿಮ್ಮ ಒಂದು ತಂತಿ ನಾಲ್ಕು ಜನಕ್ಕೆ ಕೇಳಿಸುತ್ತದೆ, ಇದು ನಾಡಿಗೇ ಕೇಳಿಸುತ್ತದೆ" ಎಂದುಬಿಟ್ಟೆನು. ಅಂದಿನಿಂದ ನಮ್ಮಿಬ್ಬರ ನಡುವೆ ಹಾಡಿನ ಮಾತು ನಿಂತುಹೋಯಿತು. ನಾಲ್ಕು ವರ್ಷಗಳ ತರುವಾಯ ಅವರು ಲಿಂಗೈಕ್ಯರಾದರು.

ಇಷ್ಟಲಿಂಗವು ಅವರ ಅಂಗೈಯಲ್ಲಿಯೇ ಹೋಯಿತು. ಬೆಳ್ಳಿಯ ಕರಡಿಗೆ ಮನೆಯಲ್ಲಿ ಉಳಿಯಿತು. ತಾಯಿಯವರು ಅದನ್ನು ಚನ್ನಪಟ್ಟಣದ ಅರಗಿನ ಬಣ್ಣದ ಮರದ ಭರಣಿಯಲ್ಲಿ ಇಟ್ಟರು. ತಂದೆಯವರು ವಿಭೂತಿ, ಹಳೆಯ ಕನ್ನಡಕ ಮುಂತಾದವನ್ನು ಇಡುತ್ತಿದ್ದ ಭರಣಿ ಅದು. ಹನ್ನೊಂದನೆಯ ದಿನ ಅದನ್ನು ತೆರೆದಾಗ ತಳದಲ್ಲಿ ನನ್ನ ಹಾಳೆ ಸಿಕ್ಕಿತು. ನಾನು ಬರೆದಿದ್ದ ಪದಗಳ ಪಕ್ಕದಲ್ಲಿ ಸೀಸದ ಕಡ್ಡಿಯಿಂದ, ತಮ್ಮ ಗುರುಗಳ ಬಾಯಿಂದ ಕಲಿತ ಪಾಠಾಂತರಗಳನ್ನು ಅವರು ಬರೆದಿದ್ದರು. ಒಂದೆರಡು ಕಡೆ ರಾಗವೆಲ್ಲಿ ತಿರುಗಬೇಕೆಂಬುದಕ್ಕೆ ಗೆರೆ ಎಳೆದಿದ್ದರು. ಸುರುಳಿಯನ್ನು ಪೂರ್ತಿ ಕೇಳದೆ ಹಾಗೆ ಗೆರೆ ಎಳೆಯುವುದು ಸಾಧ್ಯವಿಲ್ಲ. ನಾನಿಲ್ಲದ ಹೊತ್ತಿನಲ್ಲಿ ಕೇಳಿರಬೇಕು.

ಲಿಂಗಕ್ಕಿಂತ ಕರಡಿಗೆ ದೊಡ್ಡದೆಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಆದರೆ ಲಿಂಗವನ್ನು ಕಾಗದದ ಚೂರಿನಲ್ಲಿ ಸುತ್ತಿಡುವವರೂ ಇಲ್ಲ. ಅಶ್ವತ್ಥರ ಪಿಟೀಲುಗಳನ್ನು ನಾನು ಈಗ ಕರಡಿಗೆಯೆಂದೇ ಕೇಳುತ್ತೇನೆ. ತಂದೆಯವರ ಆತಂಕವೂ ಈಗ ಅರ್ಥವಾಗುತ್ತದೆ: ಬೆಳ್ಳಿಯ ಕೆತ್ತನೆ ನೋಡುತ್ತಾ ಮುಚ್ಚಳ ತೆರೆಯುವುದನ್ನೇ ಮರೆತರೆ? ಆಂಗ್ಲರ ಪೆಟ್ಟಿಗೆಯಲ್ಲಿ ನನಗೆ ಮೆಚ್ಚಿಗೆಯಾದದ್ದೂ ಇದೇ ಕಾರಣಕ್ಕೆ. ಹೊದಿಕೆಯನ್ನು ಹರಿಯದೆ ಹಾಡು ಸಿಕ್ಕುವುದಿಲ್ಲ. ಹರಿಯುವ ಮನಸ್ಸಾಗದೆ ಅದನ್ನು ಹಾಗೆಯೇ ಗಾಜಿನ ಬೀರುವಿನಲ್ಲಿ ಇಟ್ಟುಕೊಂಡವರೂ ಇದ್ದಾರಂತೆ!

ಜಾನಪದ ಲೋಕದಿಂದ ಬಂದ ಸಂಜೆ ಹುಡುಗ ಅಶ್ವತ್ಥರ ಹಾಡನ್ನು ತನ್ನ ಮೊಬೈಲಿನಲ್ಲಿ ಹಾಕಿದನು. ನಾನು ಭರಣಿಯಿಂದ ಹಾಳೆ ತೆಗೆದು ಅವನಿಗೆ ಕೊಟ್ಟೆನು. ಮಡಿಕೆಗಳಲ್ಲಿ ಅದು ಹರಿದಿತ್ತು. ತಾಯಿಯವರು ಕನ್ನಡಕ ಏರಿಸಿಕೊಂಡು ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಾ, ಅಶ್ವತ್ಥರ ಜೊತೆಗೇ ಸಣ್ಣ ದನಿಯಲ್ಲಿ ಹಾಡಿಕೊಂಡರು. ಸೀಸದ ಕಡ್ಡಿಯ ಗುರುತು ಬಂದ ಕಡೆಯಲ್ಲೆಲ್ಲ ತಂದೆಯವರ ಪಾಠವನ್ನೇ ಹಾಡಿದರು.